ಹನ್ನೆರಡನೆಯ ಸ್ಥಾನ: ನ್ಯಾಯವಾದ ಆಯ್ಕೆಯನ್ನು ಕುರಿತು ಒಂದು ಪಾಠ



ಶಾಲೆಯ ವರದಿಯೂ ಪರೀಕ್ಷೆಗಳ ಫಲಿತಾಂಶವೂ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದಿರುವುದರಿಂದ, ನಮ್ಮ ಪಾಲಿಗೆ ಬಂದ ಈ ಕೆಲವು ಪುಟಗಳನ್ನು ಒಂದು ಪಾಠಕ್ಕಾಗಿ ವಿನಿಯೋಗಿಸಬೇಕೆಂದು ಬಗೆದಿದ್ದೇವೆ. ಇದು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲದ ಪಾಠ. ಇದನ್ನು ನಮಗೆ ಮೊದಲು ಕಲಿಸಿದವಳು ನಮ್ಮ ಶಾಲೆಯ ಒಬ್ಬ ಬಾಲಿಕೆಯ ತಾಯಿ. ಆದಕಾರಣ ಆ ಸಂಗತಿಯಿಂದಲೇ ಪ್ರಾರಂಭಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಬಾಸ್ಕೆಟ್‌ಬಾಲ್ ತಂಡವನ್ನು ಪಂದ್ಯಕ್ಕೆ ಕಳುಹಿಸಬೇಕಾಗಿ ಬಂದಿತು. ಅಂಗಳದಲ್ಲಿ ಆಡತಕ್ಕವರು ಐವರಾದರೂ ತಂಡದಲ್ಲಿ ಹನ್ನೆರಡು ಹೆಸರುಗಳನ್ನು ಬರೆಯಬಹುದು. ಹನ್ನೊಂದು ಹೆಸರುಗಳ ವಿಷಯದಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಹನ್ನೆರಡನೆಯ ಸ್ಥಾನಕ್ಕೆ ಮಾತ್ರ ಇಬ್ಬರು ಬಾಲಿಕೆಯರಿದ್ದರು. ಒಬ್ಬಳು ಎತ್ತರದವಳು, ಆಟದಲ್ಲಿ ಚುರುಕು. ಆದರೆ ಮನೆಯಲ್ಲಿ ರೇಷ್ಮೆ ಹುಳು ಸಾಕುವವರಾದುದರಿಂದ, ಹುಳು ನಾಲ್ಕನೆಯ ಜ್ವರ ಎದ್ದು ಸೊಪ್ಪು ಬೇಡುವ ದಿನಗಳಲ್ಲಿ ಆಕೆ ಮುಂಜಾನೆಯ ಅಭ್ಯಾಸಕ್ಕೆ ಬರುತ್ತಿರಲಿಲ್ಲ. ಇನ್ನೊಬ್ಬಳು ಕುಳ್ಳಗಿನವಳು, ಬುಟ್ಟಿಗೆ ಚೆಂಡು ಹಾಕುವುದರಲ್ಲಿ ಅಷ್ಟೇನೂ ಜಾಣೆಯಲ್ಲ. ಆದರೆ ಎರಡು ವರ್ಷಗಳಲ್ಲಿ ಒಂದು ಬೆಳಿಗ್ಗೆಯೂ ತಪ್ಪಿಸಿದವಳಲ್ಲ. ನಾವು ಒಂದು ಗಂಟೆಗೂ ಮತ್ತೊಂದು ಗಂಟೆಗೂ ನಡುವಣ ಅವಸರದಲ್ಲಿ ಎತ್ತರದ ಹುಡುಗಿಯ ಹೆಸರನ್ನು ಬರೆದು ಫಲಕಕ್ಕೆ ಅಂಟಿಸಿಬಿಟ್ಟೆವು.

ಮರುದಿನ ಮತ್ತೊಬ್ಬ ಬಾಲಿಕೆಯ ತಾಯಿ ಬಂದಳು. ಜಗಳಕ್ಕೆ ಬಂದಿರಬಹುದೆಂದು ನಾವು ಮನಸ್ಸಿನಲ್ಲಿಯೇ ಉತ್ತರಗಳನ್ನು ಕೂಡಿಸಿಕೊಳ್ಳುತ್ತಿದ್ದೆವು. ಆಕೆ ನಿಂತುಕೊಂಡೇ, “ಟೀಚರಮ್ಮಾ, ಮಗಳನ್ನ ಸೇರಿಸ್ಕೊಳ್ಳಿ ಅಂತ ಕೇಳೋಕೆ ಬಂದಿಲ್ಲ. ಯಾವ ಲೆಕ್ಕದಲ್ಲಿ ಬಿಟ್ಟಿರಿ ಅಂತ ಒಂದು ಮಾತು ಹೇಳಿ, ಅವಳಿಗೆ ನಾನೇ ತಿಳಿಸಿ ಹೇಳ್ತೀನಿ,” ಎಂದಳು.

ನಮ್ಮಲ್ಲಿ ಉತ್ತರವಿರಲಿಲ್ಲ. ನಮ್ಮ ಆಯ್ಕೆಯು ತಪ್ಪಾಗಿತ್ತೆಂದು ಇದರ ಅರ್ಥವಲ್ಲ. ಅದು ಸರಿಯಾಗಿಯೂ ಇದ್ದಿರಬಹುದು. ಆದರೆ ಯಾವ ಲೆಕ್ಕದಲ್ಲಿ ಎಂಬ ಪ್ರಶ್ನೆಗೆ ನಾವು ಲೆಕ್ಕವನ್ನೇ ಇಟ್ಟಿರಲಿಲ್ಲ. ಆ ತಾಯಿ ಹೋದ ಮೇಲೆ ನಾವು ಈ ಪ್ರಶ್ನೆಯನ್ನು ಮೇಲ್ತರಗತಿಗಳ ಚರ್ಚಾಕೂಟಕ್ಕೆ ಒಪ್ಪಿಸಿದೆವು. ಕೊನೆಯ ಸ್ಥಾನಕ್ಕೆ ಇಬ್ಬರು ಸಮಾನರಾಗಿ ನಿಂತಾಗ ಲೋಕವು ಹೇಗೆ ಆರಿಸುತ್ತದೆ, ಹೇಗೆ ಆರಿಸುವುದು ನ್ಯಾಯ, ಎಂಬುದೇ ವಿಷಯ. ಬಾಲಿಕೆಯರೂ ನಾವೂ ಕೂಡಿ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇವೆ.

೧. ಆಟದ ಮೂಲ

ಬಾಸ್ಕೆಟ್‌ಬಾಲ್ ಆಟವನ್ನು ಕಲ್ಪಿಸಿದವನು ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯನು. ಈತನು ಕೆನಡಾ ದೇಶದವನು, ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡವನು, ದೇವಶಾಸ್ತ್ರವನ್ನು ಓದಿದವನು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ತರಬೇತಿ ಶಾಲೆಯಲ್ಲಿದ್ದಾಗ, ಚಳಿಗಾಲದಲ್ಲಿ ಮನೆಯೊಳಗೆ ಆಡತಕ್ಕ ಆಟವೊಂದು ಬೇಕಾಗಲು, 1891ನೆಯ ಇಸವಿ ಡಿಸೆಂಬರಿನಲ್ಲಿ 13 ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿ, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು 10 ಅಡಿ ಎತ್ತರದಲ್ಲಿ ಕಟ್ಟಿಸಿ, ತನ್ನ 18 ಮಂದಿ ವಿದ್ಯಾರ್ಥಿಗಳನ್ನು ಎರಡು ಪಕ್ಷ ಮಾಡಿ ಆಡಿಸಿದನು. ಆ 10 ಅಡಿಯ ಎತ್ತರವು ಈಗಲೂ ಬದಲಾಗಿಲ್ಲ. ನಿಯಮವು ಮೊದಲು ಗೋಡೆಯ ಮೇಲೆ, ಆಟವು ಅನಂತರ ಅಂಗಳದಲ್ಲಿ: ಈ ಕ್ರಮವನ್ನು ವಾಚಕರು ನೆನಪಿನಲ್ಲಿಡಬೇಕು.

ಸ್ವಲ್ಪ ಕಾಲದಲ್ಲಿಯೇ ಸೆಂಡಾ ಬೆರೆನ್ಸನ್ ಎಂಬ ಉಪಾಧ್ಯಾಯಿನಿಯು ಸ್ಮಿತ್ ಕಾಲೇಜಿನ ವಿದ್ಯಾರ್ಥಿನಿಯರಿಗೆ ಈ ಆಟವನ್ನು ಕಲಿಸಿ, 1893ನೆಯ ಮಾರ್ಚಿನಲ್ಲಿ ಮೊದಲನೆಯ ವರ್ಷದವರಿಗೂ ಎರಡನೆಯ ವರ್ಷದವರಿಗೂ ಪಂದ್ಯವನ್ನು ಏರ್ಪಡಿಸಿದಳು. ನಮ್ಮ ದೇಶಕ್ಕೆ ಈ ಆಟವು ಬಂದದ್ದೂ ಹೆಚ್ಚಾಗಿ ವೈ.ಎಂ.ಸಿ.ಎ. ಮೂಲಕವೇ. ಹ್ಯಾರಿ ಕ್ರೋ ಬಕ್ ಎಂಬವರು 1920ರಲ್ಲಿ ಮದರಾಸಿನಲ್ಲಿ ಸ್ಥಾಪಿಸಿದ ವ್ಯಾಯಾಮ ಶಿಕ್ಷಣದ ಕಾಲೇಜು ದಕ್ಷಿಣ ದೇಶದ ಶಾಲೆಗಳಿಗೆ ಅನೇಕ ಮಂದಿ ವ್ಯಾಯಾಮೋಪಾಧ್ಯಾಯರನ್ನು ಒದಗಿಸಿತು. ಹೀಗೆ ಈ ಆಟಕ್ಕೂ ಮಿಶನ್ ಶಾಲೆಗಳಿಗೂ ಮೊದಲಿನಿಂದಲೂ ನಂಟುಂಟು.

೨. ಎರಡು ಬಾಗಿಲುಗಳು

ಅಮೆರಿಕದಲ್ಲಿ 350ಕ್ಕೂ ಹೆಚ್ಚು ಕಾಲೇಜುಗಳು ಈ ಆಟದ ಮೊದಲನೆಯ ದರ್ಜೆಯಲ್ಲಿ ಆಡುತ್ತವೆ. ವರ್ಷದ ಕೊನೆಗೆ ಮಾರ್ಚ್ ತಿಂಗಳಿನಲ್ಲಿ ಒಂದು ಮಹಾ ಪಂದ್ಯಾವಳಿ ನಡೆಯುತ್ತದೆ. 1939ರಲ್ಲಿ ಇದು 8 ತಂಡಗಳಿಂದ ಮೊದಲಾಯಿತು; 1985ರಲ್ಲಿ 64, 2011ರಲ್ಲಿ 68 ತಂಡಗಳಾದವು. ಸ್ತ್ರೀಯರ ಪಂದ್ಯಾವಳಿಯು 1982ರಲ್ಲಿ 32 ತಂಡಗಳಿಂದ ಆರಂಭವಾಯಿತು. 2021ರಲ್ಲಿ ಪುರುಷರಿಗೆ ಒದಗಿಸಿದ ವ್ಯಾಯಾಮ ಸಾಮಗ್ರಿಗೂ ಸ್ತ್ರೀಯರಿಗೆ ಒದಗಿಸಿದ್ದಕ್ಕೂ ಇದ್ದ ಅಂತರವನ್ನು ಆಟಗಾರ್ತಿಯೊಬ್ಬಳು ಚಿತ್ರಸಹಿತ ಲೋಕಕ್ಕೆ ತೋರಿಸಿಕೊಟ್ಟಳು. ಇದರಿಂದ ಎದ್ದ ಗದ್ದಲದ ತರುವಾಯ, 2022ರಲ್ಲಿ ಸ್ತ್ರೀಯರಿಗೂ 68 ಸ್ಥಾನಗಳು ದೊರೆತವು.

ಈ ಪಂದ್ಯಾವಳಿಗೆ ಪ್ರವೇಶಿಸಲು ಎರಡು ಬಾಗಿಲುಗಳಿವೆ. ಕಾಲೇಜುಗಳು ಹಲವು ಒಕ್ಕೂಟಗಳಾಗಿ ಸೇರಿಕೊಂಡಿವೆ. ತನ್ನ ಒಕ್ಕೂಟದಲ್ಲಿ ಗೆದ್ದು ಬಂದ ತಂಡವನ್ನು ಯಾರೂ ಪ್ರಶ್ನಿಸುವ ಹಾಗಿಲ್ಲ. ಅದು ನೇರವಾಗಿ ಒಳಕ್ಕೆ ಬರುತ್ತದೆ. ಉಳಿದ ಸ್ಥಾನಗಳಿಗೆ ಒಂದು ಸಮಿತಿಯು ಕುಳಿತು ತಂಡಗಳನ್ನು ಆರಿಸುತ್ತದೆ. 2025ರ ಪುರುಷರ ಪಂದ್ಯಾವಳಿಯಲ್ಲಿ 31 ತಂಡಗಳು ಮೊದಲನೆಯ ಬಾಗಿಲಿನಿಂದಲೂ 37 ತಂಡಗಳು ಎರಡನೆಯ ಬಾಗಿಲಿನಿಂದಲೂ ಬಂದವು.

ಎರಡನೆಯ ಬಾಗಿಲು ಏತಕ್ಕೆ ಬೇಕು, ಗೆದ್ದವರಷ್ಟೇ ಬಂದರೆ ಸಾಲದೇ, ಎಂದು ಹತ್ತನೆಯ ತರಗತಿಯ ಬಾಲಿಕೆಯೊಬ್ಬಳು ಕೇಳಿದಳು. ಇದಕ್ಕೆ 1974ನೆಯ ಇಸವಿಯೇ ಉತ್ತರ. ಆ ಕಾಲದಲ್ಲಿ ಒಂದು ಒಕ್ಕೂಟದಿಂದ ಒಂದೇ ತಂಡವು ಹೋಗಬಹುದಾಗಿತ್ತು. ಮೇರಿಲೆಂಡ್ ತಂಡವು ದೇಶದಲ್ಲಿಯೇ ಅತ್ಯುತ್ತಮ ತಂಡಗಳಲ್ಲಿ ಒಂದೆಂದು ಎಣಿಸಲ್ಪಟ್ಟಿತ್ತು. ಅದು ತನ್ನ ಒಕ್ಕೂಟದ ಕೊನೆಯ ಪಂದ್ಯದಲ್ಲಿ ನಾರ್ತ್ ಕೆರೋಲೈನಾ ಸ್ಟೇಟ್ ತಂಡದೊಡನೆ ಆಡಿ, ನಿಗದಿಯಾದ ವೇಳೆಯಲ್ಲಿ ಸಮಸಮವಾಗಿ, ಹೆಚ್ಚಿನ ವೇಳೆಯಲ್ಲಿ 103ಕ್ಕೆ 100 ಅಂಕಗಳಿಂದ ಸೋತಿತು. ಗೆದ್ದ ತಂಡವು ಮುಂದೆ ಹೋಗಿ ದೇಶಕ್ಕೇ ಪ್ರಥಮವಾಯಿತು. ಸೋತ ತಂಡವು ಆ ಪಂದ್ಯಾವಳಿಯ ಅಂಗಳವನ್ನೇ ಕಾಣಲಿಲ್ಲ. ಮರುವರ್ಷವೇ, ಎಂದರೆ 1975ರಲ್ಲಿ, ಒಂದು ಒಕ್ಕೂಟದಿಂದ ಒಂದಕ್ಕಿಂತ ಹೆಚ್ಚು ತಂಡಗಳು ಬರಲು ಅವಕಾಶವಾಯಿತು.

ಕೇವಲ ಗೆಲವನ್ನೇ ಅಳತೆಯಾಗಿಟ್ಟರೆ ಕೆಲವು ವೇಳೆ ಬಲಶಾಲಿಗಳು ಹೊರಗುಳಿಯುತ್ತಾರೆಂಬುದನ್ನು ಲೋಕವು ಹೀಗೆ ಕಲಿತಿತು. ಆದರೆ ಎರಡನೆಯ ಬಾಗಿಲನ್ನು ತೆರೆದೊಡನೆಯೇ ಅದರ ಹೊಸ್ತಿಲಲ್ಲಿ ಹೊಸ ಜಗಳವೂ ಹುಟ್ಟಿತು.

೩. ಹೊಸ್ತಿಲ ತಂಡಗಳು

ಒಳಕ್ಕೆ ಬರುವುದೋ ಹೊರಗುಳಿಯುವುದೋ ತಿಳಿಯದ ತಂಡಗಳನ್ನು ಅಮೆರಿಕದವರು ನೀರ್ಗುಳ್ಳೆಯ ಮೇಲೆ ಕುಳಿತ ತಂಡಗಳೆಂದು ಕರೆಯುತ್ತಾರೆ. ಗುಳ್ಳೆಯು ಯಾವ ಕ್ಷಣದಲ್ಲಿ ಒಡೆದೀತೋ ಯಾರೂ ಅರಿಯರು. ನಮ್ಮ ಚರ್ಚಾಕೂಟದ ಬಾಲಿಕೆಯರು ಇವುಗಳಿಗೆ ಹೊಸ್ತಿಲ ತಂಡಗಳೆಂದು ಹೆಸರಿಟ್ಟರು. ನಾವೂ ಅದನ್ನೇ ಉಪಯೋಗಿಸುತ್ತೇವೆ.

ಇವುಗಳನ್ನು ಅಳೆಯುವುದು ಸುಲಭವಲ್ಲ. ಬಲಹೀನರೊಡನೆ ಆಡಿ 26 ಪಂದ್ಯಗಳನ್ನು ಗೆದ್ದ ತಂಡವು ಮೇಲೋ, ಬಲವಂತರೊಡನೆ ಆಡಿ 19 ಪಂದ್ಯಗಳನ್ನು ಗೆದ್ದ ತಂಡವು ಮೇಲೋ? ಈ ತೊಡಕಿಗಾಗಿ 1981ರಿಂದ 2018ರ ವರೆಗೆ ಒಂದು ಬಗೆಯ ಲೆಕ್ಕವನ್ನೂ, ಆಮೇಲೆ ನೆಟ್ ಎಂಬ ಬೇರೊಂದು ಲೆಕ್ಕವನ್ನೂ ಸಮಿತಿಯು ಇಟ್ಟುಕೊಂಡಿತು. ಇದರಲ್ಲಿ ಪಂದ್ಯಗಳನ್ನು ಎದುರಾಳಿಯ ಬಲಕ್ಕೂ ಆಡಿದ ಸ್ಥಳಕ್ಕೂ ತಕ್ಕಂತೆ ನಾಲ್ಕು ವರ್ಗಗಳಾಗಿ ವಿಂಗಡಿಸಿದ್ದಾರೆ. ಮೊದಲನೆಯ ವರ್ಗವೆಂದರೆ ಅತ್ಯಂತ ಕಠಿಣವಾದ ಪಂದ್ಯಗಳು. ತನ್ನ ಸ್ವಂತ ಅಂಗಳದಲ್ಲಿ ಆಡುವಾಗ ಎದುರಾಳಿಯು ದೇಶದ ಮೊದಲ 30 ತಂಡಗಳಲ್ಲಿ ಒಂದಾಗಿದ್ದರೆ ಮಾತ್ರ ಆ ಪಂದ್ಯವು ಈ ವರ್ಗಕ್ಕೆ ಸೇರುತ್ತದೆ; ಇಬ್ಬರಿಗೂ ಸ್ವಂತವಲ್ಲದ ಅಂಗಳದಲ್ಲಾದರೆ ಮೊದಲ 50, ಎದುರಾಳಿಯ ಅಂಗಳಕ್ಕೇ ಹೋಗಿ ಆಡಿದರೆ ಮೊದಲ 75. ಪರಸ್ಥಳದಲ್ಲಿ ಆಡುವುದು ಕಷ್ಟವಾದುದರಿಂದ ಅಲ್ಲಿನ ಗೆಲವಿಗೆ ತೂಕ ಹೆಚ್ಚು. ಈ ಒಂದು ಅಂಶವು ಮುಂದೆ ನಮಗೆ ಬಹಳ ಉಪಯೋಗಕ್ಕೆ ಬಂದಿತು.

ಹೀಗೆ ಲೆಕ್ಕವಿದ್ದರೂ ಜಗಳವು ನಿಂತಿಲ್ಲ. ಮೂರು ದೃಷ್ಟಾಂತಗಳನ್ನು ಕೊಡುತ್ತೇವೆ.

2024ರಲ್ಲಿ ಇಂಡಿಯಾನಾ ಸ್ಟೇಟ್ ತಂಡವು 28 ಪಂದ್ಯಗಳನ್ನು ಗೆದ್ದು 6ನ್ನು ಮಾತ್ರ ಸೋತು, ಸಮಿತಿಯ ಲೆಕ್ಕದಲ್ಲಿ ಮೊದಲ 30ರೊಳಗೆ ಇದ್ದಿತು. ಆದರೆ ತನ್ನ ಒಕ್ಕೂಟದ ಕೊನೆಯ ಪಂದ್ಯದಲ್ಲಿ ಡ್ರೇಕ್ ತಂಡಕ್ಕೆ 84ಕ್ಕೆ 80ರಿಂದ ಸೋತುದರಿಂದ ಮೊದಲನೆಯ ಬಾಗಿಲು ಮುಚ್ಚಿತು. ಸಮಿತಿಯೂ ಅದನ್ನು ಆರಿಸಲಿಲ್ಲ; ದೊಡ್ಡ ತಂಡಗಳನ್ನು ಸೋಲಿಸಿದ ದಾಖಲೆಯು ಅದಕ್ಕೆ ಕಡಿಮೆಯಿತ್ತು. ಇತ್ತ ಲೆಕ್ಕದಲ್ಲಿ 50ರ ಆಚೆಗಿದ್ದ ವರ್ಜೀನಿಯಾ ತಂಡವು ಆಯ್ಕೆಯಾಗಿ, ತನ್ನ ಮೊದಲ ಪಂದ್ಯದಲ್ಲಿಯೇ 67ಕ್ಕೆ 42ರಿಂದ ಸೋತುಹೋಯಿತು. ಸಣ್ಣ ಒಕ್ಕೂಟದ ತಂಡಕ್ಕೆ ದೊಡ್ಡವರು ಆಡಲು ಸಿಕ್ಕುವುದೇ ಅಪರೂಪ. ಸಿಕ್ಕದವರನ್ನು ಸೋಲಿಸಲಿಲ್ಲವೆಂದು ಶಿಕ್ಷಿಸುವುದು ಸರಿಯೇ, ಎಂದು ಅನೇಕರು ಕೇಳಿದರು.

2025ರಲ್ಲಿ ನಾರ್ತ್ ಕೆರೋಲೈನಾ ತಂಡವು ಮೊದಲನೆಯ ವರ್ಗದ 13 ಪಂದ್ಯಗಳಲ್ಲಿ ಒಂದನ್ನು ಮಾತ್ರ ಗೆದ್ದಿದ್ದರೂ ಕಡೆಯ ಸ್ಥಾನಗಳಲ್ಲಿ ಒಂದನ್ನು ಪಡೆಯಿತು. ವೆಸ್ಟ್ ವರ್ಜೀನಿಯಾ ತಂಡವು ಹೊರಗುಳಿಯಿತು. ಆ ವರ್ಷ ಆಯ್ಕೆ ಸಮಿತಿಯ ಅಧ್ಯಕ್ಷರಾಗಿದ್ದವರು ನಾರ್ತ್ ಕೆರೋಲೈನಾ ವಿಶ್ವವಿದ್ಯಾನಿಲಯದ ಕ್ರೀಡಾಧಿಕಾರಿಗಳೇ. ತಮ್ಮ ತಂಡದ ವಿಷಯ ಬಂದಾಗ ಅವರು ನಿಯಮದಂತೆ ಚರ್ಚೆಯಿಂದ ಹೊರಗಿದ್ದರು. ಆದರೂ ಜನರ ಸಂಶಯವು ಹೋಗಲಿಲ್ಲ. ವೆಸ್ಟ್ ವರ್ಜೀನಿಯಾ ರಾಜ್ಯದ ಗವರ್ನರೇ ಪತ್ರಕರ್ತರನ್ನು ಕರೆಯಿಸಿ ಪ್ರತಿಭಟಿಸಿದರು. ನಾರ್ತ್ ಕೆರೋಲೈನಾ ಮೊದಲ ಪಂದ್ಯವನ್ನು 95ಕ್ಕೆ 68ರಿಂದ ಗೆದ್ದು, ಎರಡನೆಯದನ್ನು 71ಕ್ಕೆ 64ರಿಂದ ಸೋತಿತು.

2011ರಲ್ಲಿ ವರ್ಜೀನಿಯಾ ಕಾಮನ್‌ವೆಲ್ತ್ ತಂಡವನ್ನು ಆರಿಸಿದಾಗ ಆಟದ ಪಂಡಿತರನೇಕರು ಇದು ಶುದ್ಧ ತಪ್ಪೆಂದು ಹಳಿದರು. ಆ ತಂಡವು ಕಡೆಯ ಸ್ಥಾನದವರ ಪ್ರಾಥಮಿಕ ಪಂದ್ಯದಿಂದ ಹೊರಟು, ಒಂದೊಂದಾಗಿ ಐದು ತಂಡಗಳನ್ನು ಸೋಲಿಸಿ, ಪ್ರಬಲವಾದ ಕ್ಯಾನ್ಸಸ್ ತಂಡವನ್ನು 71ಕ್ಕೆ 61ರಿಂದ ಗೆದ್ದು, ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಯಿತು.

ಈ ಮೂರನ್ನೂ ಓದಿ ಬಾಲಿಕೆಯರು, ಮೂರನೆಯದರಲ್ಲಿ ಸಮಿತಿಯು ಸರಿ, ಮೊದಲನೆಯದರಲ್ಲಿ ತಪ್ಪು, ಎಂದು ತೀರ್ಪು ಕೊಟ್ಟರು. ಇಲ್ಲಿ ನಾವು ಅವರನ್ನು ತಡೆಯಬೇಕಾಯಿತು. ಮಳೆ ಬರುವುದೆಂದು ಕೊಡೆ ಹಿಡಿದು ಹೊರಟವನು, ಮಳೆ ಬಾರದಿದ್ದರೆ ಅವಿವೇಕಿಯಾಗುವುದಿಲ್ಲ. ಆರಿಸುವ ದಿನ ಕಣ್ಣಮುಂದೆ ಇದ್ದ ಸಾಕ್ಷ್ಯವನ್ನು ಸರಿಯಾಗಿ ತೂಗಿದರೋ ಇಲ್ಲವೋ ಎಂಬುದೊಂದೇ ಆರಿಸುವವರ ಪರೀಕ್ಷೆ. ಮುಂದೆ ಆದ ಸೋಲುಗೆಲವುಗಳಿಂದ ಹಿಂದಿನ ತೀರ್ಪಿನ ನ್ಯಾಯಾನ್ಯಾಯವನ್ನು ಅಳೆಯಲಾಗದು. ಹೊರಗೆ ಬಿಟ್ಟ ತಂಡವು ಒಳಗೆ ಬಂದಿದ್ದರೆ ಏನಾಗುತ್ತಿತ್ತೆಂಬುದನ್ನು ಯಾರೂ ಎಂದಿಗೂ ಅರಿಯಲಾರರು.

೪. ನಮ್ಮ ನಾಡಿನ ಪದ್ಧತಿ

ಇಂತಹ ಪೇಚು ನಮ್ಮಲ್ಲಿ ಇಲ್ಲವೆಂದು ತಿಳಿಯಬಾರದು. ನಮ್ಮ ಶಾಲೆಗಳ ಕ್ರೀಡಾಕೂಟಗಳು ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳಾಗಿ ನಡೆಯುತ್ತವೆ. ತಂಡದ ಆಟಗಳಲ್ಲಿ ಸಾಮಾನ್ಯವಾಗಿ ಗೆದ್ದವರು ಮುಂದಕ್ಕೆ, ಸೋತವರು ಮನೆಗೆ. ವಿರೂಪಾಕ್ಷಿಪುರ ಹೋಬಳಿಯಿಂದ ಚನ್ನಪಟ್ಟಣಕ್ಕೆ ಹೋಗುವ ತಂಡವನ್ನು ಯಾವ ಸಮಿತಿಯೂ ಆರಿಸಬೇಕಾಗಿಲ್ಲ. ಇದರಲ್ಲಿ ಗೊಂದಲವಿಲ್ಲ, ಆದರೆ ನಷ್ಟವಿದೆ. ಹೋಬಳಿಯ ಅತ್ಯುತ್ತಮವಾದ ಎರಡು ತಂಡಗಳು ಚೀಟಿಯ ದೆಸೆಯಿಂದ ಮೊದಲನೆಯ ಸುತ್ತಿನಲ್ಲಿಯೇ ಎದುರಾದರೆ, ಒಂದು ಹತ್ತು ಗಂಟೆಗೆಲ್ಲಾ ಬಸ್ಸು ಹತ್ತಬೇಕಾಗುತ್ತದೆ. ಇದು ನಮ್ಮ ಮಟ್ಟದ ಮೇರಿಲೆಂಡ್ ಕಥೆ. ಮೇಲಿನ ಮೆಟ್ಟಿಲುಗಳಲ್ಲಿ ಬೇರೆ ಬೇರೆ ಶಾಲೆಗಳ ಮಕ್ಕಳಿಂದ ಒಂದು ತಂಡವನ್ನು ಕಟ್ಟುವಾಗ ಆಯ್ಕೆದಾರರೂ ಅವರೊಡನೆ ಹೊಸ್ತಿಲ ಜಗಳವೂ ಪುನಃ ಬರುತ್ತವೆ.

ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ 2017ನೆಯ ಜುಲೈಯಲ್ಲಿ ಏಷ್ಯಾ ಖಂಡದ ಸ್ತ್ರೀಯರ ಬಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆಯಿತು. ನಮ್ಮ ದೇಶದ ತಂಡವು ಎರಡನೆಯ ದರ್ಜೆಯಲ್ಲಿತ್ತು. ಆ ದರ್ಜೆಯಲ್ಲಿ ಗೆದ್ದವರು ಮೊದಲನೆಯ ದರ್ಜೆಗೆ ಏರತಕ್ಕದ್ದೆಂದು ಮುಂಚೆಯೇ ನಿಯಮವಿತ್ತು. ಭಾರತದ ಆಟಗಾರ್ತಿಯರು ಕೊನೆಯ ಪಂದ್ಯದಲ್ಲಿ ಕಜಾಕಸ್ತಾನವನ್ನು 75ಕ್ಕೆ 73ರಿಂದ ಗೆದ್ದು ಮೇಲೇರಿದರು. ಎರಡು ವರ್ಷಗಳ ತರುವಾಯ, 2019ರಲ್ಲಿ, ಅದೇ ಬೆಂಗಳೂರಿನಲ್ಲಿ ಮೊದಲನೆಯ ದರ್ಜೆಯ ತಂಡಗಳೊಡನೆ ಆಡಿ ಕೊನೆಯವರಾಗಿ ಕೆಳಕ್ಕಿಳಿದರು. ಏರಿದ್ದೂ ಇಳಿದದ್ದೂ ಒಂದೇ ನಿಯಮದಿಂದ. ದುಃಖವಾಗಿರಬೇಕು, ಆದರೆ ಯಾವ ಲೆಕ್ಕದಲ್ಲಿ ಎಂದು ಕೇಳುವ ಅಗತ್ಯವು ಯಾರಿಗೂ ಬೀಳಲಿಲ್ಲ.

ಕ್ರಿಕೆಟಿನ ದೃಷ್ಟಾಂತವನ್ನು ಹೇಳದಿದ್ದರೆ ನಮ್ಮ ಬಾಲಿಕೆಯರ ತಮ್ಮಂದಿರು ಮುನಿಸಿಕೊಂಡಾರು. 2024ರ ಐ.ಪಿ.ಎಲ್. ಪಂದ್ಯಾವಳಿಯಲ್ಲಿ ಬೆಂಗಳೂರಿನ ತಂಡವು ಮೊದಲ 8 ಪಂದ್ಯಗಳಲ್ಲಿ 7ನ್ನು ಸೋತಿತ್ತು. ಆಮೇಲೆ ಸಾಲಾಗಿ ಗೆಲ್ಲುತ್ತಾ ಬಂದು, ಮೇ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಚೆನ್ನೈ ತಂಡದೆದುರು ನಾಲ್ಕನೆಯ ಸ್ಥಾನಕ್ಕಾಗಿ ನಿಂತಿತು. ಬೆಂಗಳೂರು 218 ಓಟಗಳನ್ನು ಮಾಡಿತು. ಚೆನ್ನೈಯವರು 201 ಮಾಡಿದ್ದರೆ ಪಂದ್ಯವನ್ನು ಸೋತರೂ ಸ್ಥಾನವು ಅವರದಾಗುತ್ತಿತ್ತು. ಅವರು 191ಕ್ಕೆ ನಿಂತರು. ಎರಡು ತಂಡಗಳಿಗೂ 14 ಅಂಕಗಳೇ ಆದರೂ ಓಟಗಳ ಸರಾಸರಿಯ ಲೆಕ್ಕದಿಂದ ಬೆಂಗಳೂರು ಮುಂದಾಯಿತು. ಈ ಲೆಕ್ಕವು ಪರಿಪೂರ್ಣವಾದುದಲ್ಲ. ಆದರೆ ಅದು ಮೊದಲೇ ಗೊತ್ತಿತ್ತು, ಇಬ್ಬರಿಗೂ ಒಂದೇ ಆಗಿತ್ತು, ಮುಚ್ಚಿದ ಕೋಣೆಯಲ್ಲಿ ಹುಟ್ಟಿದ್ದಾಗಿರಲಿಲ್ಲ.

ಅದೇ ವರ್ಷದ ಮಾರ್ಚಿನಲ್ಲಿ ಸ್ತ್ರೀಯರ ಪಂದ್ಯಾವಳಿಯಲ್ಲಿ ಬೆಂಗಳೂರಿನ ತಂಡವು ಐದು ತಂಡಗಳ ಪಟ್ಟಿಯಲ್ಲಿ ಮೂರನೆಯದಾಗಿ, ಮುಂದಕ್ಕೆ ಹೋಗತಕ್ಕವರಲ್ಲಿ ಕಡೆಯ ಸ್ಥಾನವನ್ನು ಪಡೆದು, ಅಲ್ಲಿಂದ ಪ್ರಶಸ್ತಿಯನ್ನೇ ಗೆದ್ದಿತು. ಕಡೆಯ ಸ್ಥಾನವೆಂದರೆ ಕ್ಷುಲ್ಲಕವಾದುದಲ್ಲ. ಬಾಗಿಲೊಳಗೆ ಬಂದವರಿಗೆ ಎಲ್ಲವೂ ಸಾಧ್ಯ. ಅದಕ್ಕಾಗಿಯೇ ಬಾಗಿಲನ್ನು ಕಾಯುವವರು ಎಚ್ಚರದಿಂದಿರಬೇಕು.

೫. ಬಲವೋ, ಗಳಿಕೆಯೋ

ಇಷ್ಟನ್ನು ಓದಿದ ಮೇಲೆ ನಮ್ಮ ಚರ್ಚಾಕೂಟಕ್ಕೆ ಒಂದು ವಿಷಯವು ಸ್ಪಷ್ಟವಾಯಿತು. ಅರ್ಹರು ಯಾರು ಎಂಬುದು ಒಂದೇ ಪ್ರಶ್ನೆಯಂತೆ ಕಂಡರೂ ಅದರ ಹೊಟ್ಟೆಯಲ್ಲಿ ಎರಡು ಪ್ರಶ್ನೆಗಳಿವೆ. ನಾಳೆ ಚೆನ್ನಾಗಿ ಆಡುವವರು ಯಾರು, ಎಂಬುದು ಒಂದು. ಇದು ಬಲದ ಪ್ರಶ್ನೆ. ಇದುವರೆಗೆ ದುಡಿದು ಸ್ಥಾನವನ್ನು ಸಂಪಾದಿಸಿದವರು ಯಾರು, ಎಂಬುದು ಇನ್ನೊಂದು. ಇದು ಗಳಿಕೆಯ ಪ್ರಶ್ನೆ. ಮೊದಲ ಹನ್ನೊಂದು ಹೆಸರುಗಳಲ್ಲಿ ಎರಡಕ್ಕೂ ಉತ್ತರವು ಒಂದೇ ಆಗಿರುವುದರಿಂದ ಜಗಳ ಬರುವುದಿಲ್ಲ. ಹನ್ನೆರಡನೆಯ ಸ್ಥಾನದಲ್ಲಿ ಮಾತ್ರ ಬಲವು ಒಬ್ಬಳ ಕಡೆಗೂ ಗಳಿಕೆಯು ಇನ್ನೊಬ್ಬಳ ಕಡೆಗೂ ನಿಲ್ಲುತ್ತದೆ. ಒಬ್ಬರು ಬಲವನ್ನೂ ಮತ್ತೊಬ್ಬರು ಗಳಿಕೆಯನ್ನೂ ಮನಸ್ಸಿನಲ್ಲಿಟ್ಟುಕೊಂಡು ವಾದಿಸಿದರೆ ಬೆಳಗಾಗುವವರೆಗೂ ವಾದವು ತೀರದು.

ರಾಮನಗರದ ಮಾರುಕಟ್ಟೆಗೆ ಗೂಡು ಸಾಗಿಸುವ ಪೋಷಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಳೆದ ಬೆಳೆಯಲ್ಲಿ ಒಳ್ಳೆಯ ಗೂಡು ತಂದವರೆಂದು ಈ ಬೆಳೆಯ ಜಾಳು ಗೂಡಿಗೆ ಯಾರೂ ಬೆಲೆ ಕೂಗುವುದಿಲ್ಲ. ಕೊಳ್ಳುವವನು ಗೂಡನ್ನು ಕೈಯಲ್ಲಿ ಹಿಡಿದು ನೋಡುತ್ತಾನೆ. ಅಲ್ಲಿ ಬಲದ ಪ್ರಶ್ನೆಯೊಂದೇ. ಆದರೆ ಶಾಲೆಯು ಮಾರುಕಟ್ಟೆಯಲ್ಲ. ಎರಡು ವರ್ಷ ತಪ್ಪದೆ ಬಂದವಳ ಶ್ರಮಕ್ಕೆ ಯಾವ ಬೆಲೆಯೂ ಇಲ್ಲವೆಂದು ನಾವು ಫಲಕದ ಮೇಲೆ ಬರೆದರೆ, ಮರುದಿನದಿಂದ ಬೆಳಗಿನ ಅಭ್ಯಾಸಕ್ಕೆ ಯಾರು ಬಂದಾರು?

ಹಾಗಾದರೆ ಹಾಜರಿಯನ್ನೇ ಅಳತೆಯಾಗಿ ಇಡೋಣವೆಂದು ನಾವು ಸೂಚಿಸಿದೆವು. ಆಗ ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ಎದ್ದು, ಸೊಪ್ಪು ಕೊಯ್ಯುವ ಮನೆಯ ಹುಡುಗಿಯು ಹಾಜರಿಯಲ್ಲಿ ಎಂದಿಗೂ ಗೆಲ್ಲಲಾರಳು, ಹಾಜರಿಯೊಂದನ್ನೇ ನೋಡಿದರೆ ಅದು ಅವಳನ್ನಲ್ಲ, ಅವಳ ಮನೆಯ ಬಡತನವನ್ನು ಹೊರಗೆ ಹಾಕಿದಂತೆ, ಎಂದಳು. ಪರಸ್ಥಳದ ಗೆಲವಿಗೆ ಹೆಚ್ಚು ತೂಕ ಕೊಡುವುದಾದರೆ, ನಾಲ್ಕು ಗಂಟೆಗೆ ಎದ್ದು ಸೊಪ್ಪು ಹಾಕಿ ಓಡಿ ಬಂದ ದಿನಕ್ಕೂ ಹೆಚ್ಚು ತೂಕ ಬೇಡವೇ, ಎಂದೂ ಕೇಳಿದಳು. ಇಪ್ಪತ್ತು ವರ್ಷ ಪಾಠ ಹೇಳಿದ ನಮಗೆ ಇದು ಹೊಳೆದಿರಲಿಲ್ಲವೆಂದು ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತೇವೆ. ನಾವು ಅವಸರದಲ್ಲಿ ಆರಿಸಿದ ಎತ್ತರದ ಹುಡುಗಿಯೂ, ಬಿಟ್ಟ ಕುಳ್ಳಗಿನ ಹುಡುಗಿಯೂ, ಇಬ್ಬರೂ ನಮ್ಮಿಂದ ನ್ಯಾಯವಾದ ತೂಕವನ್ನು ಪಡೆದಿರಲಿಲ್ಲ. ಒಬ್ಬಳಿಗೆ ಸ್ಥಾನ ಸಿಕ್ಕಿತು, ಅಷ್ಟೇ.

೬. ಸತ್ಯವೇದದಲ್ಲಿನ ಹನ್ನೆರಡನೆಯ ಸ್ಥಾನ

ಅಪೊಸ್ತಲರ ಕೃತ್ಯಗಳ ಮೊದಲನೆಯ ಅಧ್ಯಾಯದಲ್ಲಿ ನಮ್ಮದೇ ಪ್ರಶ್ನೆಯಿದೆ. ಯೂದನು ಬಿಟ್ಟುಹೋದ ಹನ್ನೆರಡನೆಯ ಸ್ಥಾನಕ್ಕೆ ಒಬ್ಬನನ್ನು ಆರಿಸಬೇಕಾಗಿತ್ತು. ಅಲ್ಲಿ ನಡೆದ ಕ್ರಮವನ್ನು ಗಮನಿಸಬೇಕು. ಮೊದಲು ಪೇತ್ರನು ಎಲ್ಲರೆದುರಿಗೆ ಅಳತೆಯನ್ನು ತಿಳಿಸಿದನು: ಆರಂಭದಿಂದಲೂ ತಮ್ಮ ಸಂಗಡ ಇದ್ದವನೇ ಆಗಬೇಕೆಂದು. ಆ ಅಳತೆಗೆ ಯೋಸೇಫನೂ ಮತ್ತೀಯನೂ ಸರಿಹೊಂದಿದರು. ಅನಂತರ ಪ್ರಾರ್ಥನೆ ಮಾಡಿದರು. ಕಡೆಯಲ್ಲಿ, ಮನುಷ್ಯರ ಅಳತೆಗೆ ಇಬ್ಬರೂ ಸಮಾನರಾದ ಮೇಲೆ, ಚೀಟು ಹಾಕಿದರು. ಅದು ಮತ್ತೀಯನಿಗೆ ಬಂದಿತು.

ಚೀಟನ್ನು ಮೊದಲೇ ಹಾಕಲಿಲ್ಲ. ಅಳೆದು ಮುಗಿದ ಮೇಲೆ ಹಾಕಿದರು. ಅಳತೆಯು ಎಲ್ಲಿಯವರೆಗೆ ಸತ್ಯವನ್ನು ಹೇಳಬಲ್ಲುದೋ ಅಲ್ಲಿಯವರೆಗೆ ಅಳೆದು, ಅದು ಮೂಕವಾದೆಡೆಯಲ್ಲಿ ತಮ್ಮ ಇಷ್ಟಾನಿಷ್ಟಗಳನ್ನು ತುರುಕದೆ ಕೈಯೆತ್ತಿದರು. ಯೋಸೇಫನು ಕೀಳಾದುದರಿಂದ ಬಿಡಲ್ಪಟ್ಟನೆಂದು ಯಾರೂ ಹೇಳಲಾರರು. ಹೊರಗುಳಿದವನ ಮಾನವನ್ನು ಕಾಪಾಡುವ ಆಯ್ಕೆಯೇ ಉತ್ತಮವಾದ ಆಯ್ಕೆಯೆಂದು ನಾವು ಇದರಿಂದ ಕಲಿತೆವು.

೭. ಫಲಕದ ಮೇಲಿನ ನಿಯಮಗಳು

ಅಂದಿನಿಂದ ನಮ್ಮ ಶಾಲೆಯಲ್ಲಿ ಆಟದ ತಂಡಕ್ಕೂ, ನಾಟಕಕ್ಕೂ, ಗಾನವೃಂದಕ್ಕೂ ಒಂದೇ ಕ್ರಮ. ಮೊದಲನೆಯದಾಗಿ, ಯಾವುದನ್ನು ಎಷ್ಟು ತೂಗುತ್ತೇವೆಂಬುದನ್ನು ವರ್ಷದ ಆರಂಭದಲ್ಲಿಯೇ ಫಲಕದ ಮೇಲೆ ಬರೆಯುತ್ತೇವೆ. ಎರಡನೆಯದಾಗಿ, ಮನೆಯ ಕೆಲಸದಿಂದ ಬರಲಾಗದ ದಿನವನ್ನು ಮುಂಚೆ ತಿಳಿಸಿದವಳಿಗೆ ಅದನ್ನು ಗೈರುಹಾಜರಿಯಾಗಿ ಎಣಿಸುವುದಿಲ್ಲ. ಮೂರನೆಯದಾಗಿ, ಆರಿಸುವವರಲ್ಲಿ ಯಾರಿಗಾದರೂ ಆ ಬಾಲಿಕೆಯು ನಂಟಳಾಗಿದ್ದರೆ ಅವರು ಎದ್ದು ಹೊರಗೆ ಹೋಗತಕ್ಕದ್ದು. ನಾಲ್ಕನೆಯದಾಗಿ, ಇಬ್ಬರು ಸಮಾನರಾದರೆ ಅವರೆದುರಿಗೇ ಚೀಟಿ. ಐದನೆಯದಾಗಿ, ಬಿಡಲ್ಪಟ್ಟವಳಿಗೆ ಫಲಕದಿಂದ ತಿಳಿಯುವುದಕ್ಕೆ ಮೊದಲು ಉಪಾಧ್ಯಾಯಿನಿಯೇ ಕರೆದು ಕಾರಣವನ್ನು ಹೇಳತಕ್ಕದ್ದು.

ಈ ಐದರಲ್ಲಿ ಕೊನೆಯದೇ ಬಹಳ ಕಷ್ಟವಾದದ್ದು. ಮರುವರ್ಷ ಅದೇ ಕುಳ್ಳಗಿನ ಬಾಲಿಕೆಯೂ ಇನ್ನೊಬ್ಬಳೂ ಹನ್ನೆರಡನೆಯ ಸ್ಥಾನಕ್ಕೆ ಲೆಕ್ಕದಲ್ಲಿ ಸಮನಾದರು. ಚೀಟಿಯು ಇನ್ನೊಬ್ಬಳಿಗೆ ಬಂದಿತು. ನಾವು ಆಕೆಯನ್ನು ಕರೆದು ಕೂರಿಸಿ ಪುಸ್ತಕವನ್ನು ತೆರೆದು ತೋರಿಸಿದೆವು. ಆಕೆ ಅಂಕಣಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿದಳು; ಕಣ್ಣಲ್ಲಿ ನೀರಿತ್ತು. ಒಂದೆಡೆ ಕೂಡಿಸುವುದರಲ್ಲಿ ತಪ್ಪಾಗಿದೆಯೇ ಎಂದು ಕೇಳಿದಳು. ಪುನಃ ಕೂಡಿಸಿ ನೋಡಿದೆವು, ತಪ್ಪಿರಲಿಲ್ಲ. “ಸರಿ ಟೀಚರ್, ಅಮ್ಮನಿಗೆ ಹೇಳ್ತೀನಿ,” ಎಂದು ಎದ್ದು ಹೋದಳು. ಆ ತಾಯಿ ಆ ವರ್ಷ ಶಾಲೆಗೆ ಬರಲಿಲ್ಲ.

ಆಕೆಗೆ ಸ್ಥಾನವು ಸಿಕ್ಕಿದ್ದರೆ ಈ ಪಾಠವು ಇನ್ನೂ ಇಂಪಾಗಿ ಮುಗಿಯುತ್ತಿತ್ತು. ಆದರೆ ನ್ಯಾಯವಾದ ನಿಯಮವು ನಮಗೆ ಬೇಕಾದವರನ್ನೇ ಗೆಲ್ಲಿಸುವುದೆಂದು ಬಾಲಿಕೆಯರಿಗೆ ಕಲಿಸಿದರೆ ಅದು ಸುಳ್ಳಾದೀತು. ನಿಯಮದಿಂದ ಆಗುವ ಉಪಕಾರವೇನೆಂದರೆ, ಸೋತವಳು ತನ್ನ ಸೋಲನ್ನು ಅರ್ಥ ಮಾಡಿಕೊಂಡು ತಲೆಯೆತ್ತಿ ಮನೆಗೆ ಹೋಗಬಹುದು. ನಮ್ಮ ಮಕ್ಕಳು ಮುಂದೆ ಕಾಲೇಜಿನ ಸೀಟಿಗೂ, ಕೆಲಸಕ್ಕೂ, ಬಡ್ತಿಗೂ ಇಂತಹ ಹೊಸ್ತಿಲುಗಳಲ್ಲಿ ನಿಲ್ಲುವರು. ಅವರಲ್ಲಿ ಕೆಲವರು ಆರಿಸುವವರ ಕುರ್ಚಿಯಲ್ಲಿಯೂ ಕೂರುವರು. ಆಗ ಅವರ ಕಿವಿಯಲ್ಲಿ ಆ ತಾಯಿಯ ಪ್ರಶ್ನೆಯು ಇರಲಿ ಎಂಬುದೇ ನಮ್ಮ ಆಸೆ.

ಮನೆಯಲ್ಲಿ ಚರ್ಚಿಸತಕ್ಕ ಪ್ರಶ್ನೆಗಳು

1. ಒಂದು ತಂಡವು ಬಲವಂತರೊಡನೆ ಆಡಿ ಹೆಚ್ಚು ಸೋತಿದೆ. ಇನ್ನೊಂದು ಬಲಹೀನರೊಡನೆ ಆಡಿ ಹೆಚ್ಚು ಗೆದ್ದಿದೆ. ಒಂದೇ ಸ್ಥಾನವಿದ್ದರೆ ಯಾರಿಗೆ ಕೊಡುವಿರಿ? ನೀವು ಬಲವನ್ನು ನೋಡಿದಿರೋ, ಗಳಿಕೆಯನ್ನು ನೋಡಿದಿರೋ?

2. ಗೆದ್ದವರು ಮಾತ್ರ ಮುಂದಕ್ಕೆ ಎಂಬ ನಿಯಮದ ಗುಣವೊಂದನ್ನೂ ದೋಷವೊಂದನ್ನೂ ಹೇಳಿರಿ.

3. ನಿಮ್ಮ ಮನೆಯಲ್ಲಿ ಇಬ್ಬರು ಮಕ್ಕಳಲ್ಲಿ ಒಬ್ಬರನ್ನೇ ಮುಂದಕ್ಕೆ ಓದಿಸಲು ಅನುಕೂಲವಿದ್ದ ಪಕ್ಷದಲ್ಲಿ, ಯಾವ ಲೆಕ್ಕದಲ್ಲಿ ಆರಿಸುವಿರಿ? ಆ ಲೆಕ್ಕವನ್ನು ಮಗಳ ಮುಂದೆ ಬಾಯಿಬಿಟ್ಟು ಹೇಳಬಲ್ಲಿರಾ?

ಮೂರನೆಯ ಪ್ರಶ್ನೆಯನ್ನು ಪೋಷಕರು ವಿಶೇಷವಾಗಿ ಆಲೋಚಿಸಬೇಕೆಂದು ಕೇಳಿಕೊಳ್ಳುತ್ತೇವೆ. ಎಲ್ಲರ ಹೃದಯಗಳನ್ನೂ ಬಲ್ಲಾತನು ನಮ್ಮ ಶಾಲೆಯ ಬಾಲಿಕೆಯರಿಗೂ ಅವರ ಮನೆಗಳಿಗೂ ನ್ಯಾಯಬುದ್ಧಿಯನ್ನು ಅನುಗ್ರಹಿಸಲಿ.